ಗುರುಲಿಂಗನ ಮುಹೂರ್ತದ ಡಬ್ಬಿ

ನಿಲಂಗಾದ ಬಸ್ ಸ್ಟ್ಯಾಂಡಿನ ಎದುರಿಗೆ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗುರುಲಿಂಗನ ಬಗ್ಗೆ ಊರಲ್ಲಿ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಕೈಯ ಕೆಲಸ ಅಚ್ಚುಕಟ್ಟು, ಮಾತು ಮೆತ್ತಗೆ, ಬಂದವರಿಗೆ ಚಹಾ ಕುಡಿಸುವುದರಲ್ಲಿ ಧಾರಾಳಿ. ಇರುವುದು ಒಂದೇ ತಕರಾರು. ಈ ಮನುಷ್ಯ ಹುಟ್ಟಿದಾಗಿನಿಂದ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಸತ್ತವರ ಮಣ್ಣಿಗೆಂದು ಹೋದರೆ ಅಲ್ಲಿ ಮೂರನೇ ದಿನದ ಊಟಕ್ಕೆ ಎಲೆ ಹಾಕಿರುತ್ತಾರೆ. ಕೂಸಿಗೆ ಹೆಸರಿಡುವ ಸಮಾರಂಭಕ್ಕೆ ಹೋದರೆ ಬಾಗಿಲು ತೆರೆದ ಕೂಸೇ ತನ್ನ ಹೆಸರು ಹೇಳಿ ಒಳಗೆ ಕರೆಯುತ್ತದೆ.

ಇದೆಲ್ಲ ನಡೆದುಹೋಗುತ್ತಿತ್ತು. ಆದರೆ ಅಕ್ಕ ಶಿವಕಾಂತಾಳ ಹಿರಿಯ ಮಗಳು ಸುಮಂಗಲಾಳ ಮದುವೆಯಲ್ಲಿ ಮಾಡಿದ ಘನಕಾರ್ಯ ನಡೆದುಹೋಗುವಂಥದ್ದಲ್ಲ. ನಮ್ಮ ಕಡೆ ಅಕ್ಷತೆ ಬೀಳುವಾಗ ಮದುಮಗಳ ಬೆನ್ನಹಿಂದೆ ಸೋದರಮಾವ ನಿಲ್ಲಬೇಕು. ಅದು ಅವನ ಜಾಗ, ತವರುಮನೆಯ ಜಾಗ. ಗುರುಲಿಂಗ ನಿಂತೇ ಇದ್ದ. ಅಷ್ಟರಲ್ಲಿ ಜನರೇಟರು ಕೆಮ್ಮಿ ನಿಂತಿತು. "ಒಂದು ಮಿನಿಟ" ಎಂದು ಹೇಳಿ ಹೋದ. ಜನರೇಟರು ಸುರುವಾಯಿತು, ಗುರುಲಿಂಗ ಎಣ್ಣೆಯ ಕೈ ಒರೆಸಿಕೊಂಡು ಬಂದ, ಬರುವಷ್ಟರಲ್ಲಿ ಅಕ್ಷತೆ ಬಿದ್ದು ಮುಗಿದಿತ್ತು. ಗಡಿಬಿಡಿಯಲ್ಲಿ ಯಾರೋ ಪಕ್ಕದಲ್ಲಿದ್ದ ಕಿರಾಣಿ ಅಂಗಡಿಯವನನ್ನು ಮಾವನ ಜಾಗಕ್ಕೆ ತಳ್ಳಿದ್ದರು. ಮದುವೆಯ ವಿಡಿಯೋದಲ್ಲಿ ಇಂದಿಗೂ ಸುಮಂಗಲಾಳ ಹಿಂದೆ ಆ ಮನುಷ್ಯ ಹಲ್ಲು ಕಿರಿದು ನಿಂತಿದ್ದಾನೆ.

ಅದಾದ ಮೇಲೆ ಬಹಳ ದಿನ ಮಾತು ಬಿಟ್ಟಿದ್ದ ಶಿವಕಾಂತಾ ಈ ಬೇಸಿಗೆಯಲ್ಲಿ ತಾನಾಗಿ ಯೆಣೆಗೂರಿನಿಂದ ಬಸ್ಸು ಹತ್ತಿ ಅಂಗಡಿಗೆ ಬಂದಳು.

"ವಿಜೂಂದು ಲಗ್ನಾ ಠರಾಯಿತು. ಉದಗೀರದ ಬೀಗರು," ಎಂದಳು.

"ಭಾಳ ಛಲೋ ಆತಕ್ಕ."

"ಛಲೋದು ಆಮ್ಯಾಲ ನೋಡೋಣ. ವಿಜಯಶ್ರೀ ನನಗ ಕಡೀ ಮಗಳು. ಈ ಸರ್ತಿ ನೀ ಆಕಿ ಹಿಂದ ನಿಂತ್ರ ನನಗ ತವರುಮನಿ ಅದ ಅಂತ ತಿಳ್ಕೋತೀನಿ. ನಿಲ್ಲಲಿಲ್ಲಂದ್ರ ಇಲ್ಲ ಅಂತ ತಿಳ್ಕೋತೀನಿ. ಆಮ್ಯಾಲ ನೀ ನನ್ನ ಬಾಗಲಿಗಿ ಬರಬ್ಯಾಡ, ನಾ ನಿನ್ನ ಬಾಗಲಿಗಿ ಬರಂಗಿಲ್ಲ."

ಚಹಾ ಕೂಡ ಕುಡಿಯದೆ ಹೋದಳು. ಗುರುಲಿಂಗನಿಗೆ ಇದ್ದವಳು ಅವಳೊಬ್ಬಳೇ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ಅವನಿಗೆ ಉಣಿಸಿ ಬೆಳೆಸಿದವಳು. ಅವನು ಅಂದು ಮಧ್ಯಾಹ್ನವೆಲ್ಲ ಒಂದೇ ಸ್ಕ್ರೂವನ್ನು ಬಿಗಿ ಮಾಡುತ್ತ, ಸಡಿಲ ಮಾಡುತ್ತ ಕುಳಿತಿದ್ದ.

ಬೇರೆ ಯಾರಾದರೂ ಆಗಿದ್ದರೆ ಆ ದಿನ ಎಲ್ಲೂ ಕದಲದೆ ನಿಲ್ಲುತ್ತೇನೆ ಎಂದು ನಿಶ್ಚಯಿಸುತ್ತಿದ್ದರು. ಗುರುಲಿಂಗ ತನ್ನನ್ನು ತಿದ್ದಿಕೊಳ್ಳುವ ಬದಲು ಮದುವೆಯನ್ನು ತಿದ್ದಲು ಹೊರಟ. ಅವನ ವಿಚಾರದಲ್ಲಿ ನ್ಯಾಯವಿಲ್ಲವೆಂದು ಹೇಳುವಂತಿಲ್ಲ. ನಮ್ಮ ಸೀಮೆಯಲ್ಲಿ ಯಾವ ಮದುವೆ ಪತ್ರಿಕೆಯಲ್ಲಿ ಹಾಕಿದ ಹೊತ್ತಿಗೆ ಆಗಿದೆ? ಮುಹೂರ್ತ ಹನ್ನೆರಡೂವರೆ ಎಂದಿದ್ದರೆ ಎರಡೂವರೆಯ ತನಕ ಬಂದ ಬಂದ ದೊಡ್ಡವರಿಗೆಲ್ಲ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ ಸುತ್ತಿ ಸತ್ಕಾರ, ಮೇಲೆ ಭಾಷಣ. ಎಷ್ಟಂತ ನಿಲ್ಲುವುದು? ನಿಂತು ನಿಂತು ಬೇಸತ್ತವನು ಜನರೇಟರಿನ ಕಡೆ ಹೋದಾಗಲೇ ಅಕ್ಷತೆ ಬಿದ್ದುಬಿಡುತ್ತದೆ. ಅಕ್ಷತೆ ಬರೆದ ಹೊತ್ತಿಗೇ ಬಿದ್ದರೆ, ಆ ಹೊತ್ತಿಗೆ ತಾನು ಅಲ್ಲಿರುವುದೇನು ಕಷ್ಟ?

ಹೊಲದ ಪಂಪುಗಳಿಗೆ ಅವನು ಒಂದು ಡಬ್ಬಿ ಮಾಡಿಕೊಡುತ್ತಿದ್ದ. ಕರೆಂಟು ಬಂದು ಸ್ವಲ್ಪ ಹೊತ್ತಾದ ಮೇಲೆ ಅದು ಮೋಟಾರನ್ನು ತಾನೇ ಸುರು ಮಾಡುತ್ತಿತ್ತು. ಒಳಗೆ ಬೆರಳುಗುರಿನಷ್ಟು ಒಂದು ಎಲೆಕ್ಟ್ರಾನಿಕ್ ಚಿಪ್ಪು. ಅದನ್ನೇ ಹಿಡಿದುಕೊಂಡು ಯೆಣೆಗೂರಿಗೆ ಹೋಗಿ ಅಕ್ಕನ ಗಂಡ ರೇವಣಪ್ಪನ ಮುಂದೆ ಇಟ್ಟ.

"ನೋಡ್ರಿ ದಾಜಿ, ಈ ಚಿಪ್ಪಿನಾಗ ಒಬ್ಬ ಅದಾನ, ನಾವು ಬರದಂಗ ಕೆಲಸಾ ಮಾಡಾಂವ. ಅಂವನ ಬಾಜೂಕ ಇನ್ನೊಬ್ಬ, ಬರೇ ಎಣಸಾಂವ. ಅಂವಗ ಟೈಮರ್ ಅಂತಾರ. ಅಂವಗ ಒಂದು ನಂಬರ ಕೊಟ್ಟು ಕೂಡಿಸಿದ್ರ ಮುಗೀತು, ಎಣಸ್ಕೋತ ಹೋಗ್ತಾನ. ನಂಬರ ಮುಟ್ಟಿದ ಕೂಡಲೇ ಮೊದಲನೇದಾಂವಗ ಭೀ ಕೇಳಂಗಿಲ್ಲ, ಈ ತಂತಿಗಿ ಸೀದಾ ಕರೆಂಟ್ ಬಿಡ್ತಾನ. ತಂತಿಗಿ ನಾ ಸೈರನ್ನಿನ ಭೋಂಗಾ ಕಟ್ಟಿರ್ತೀನಿ. ಭೋಂಗಾ ಒದರ್ತದ, ಅಕ್ಷತಾ ಬೀಳ್ತಾವ."

"ನಡುವ ಯಾರರೆ ಬಂದು ಜರಾ ಥಾಂಬಾ, ತಡೀರಿ ಅಂದ್ರ?"

"ಅಂವಗ ಕಿವಿ ಇಲ್ಲ."

"ಎಮ್ಮೆಲ್ಲೆ ಬಂದ್ರ?"

"ಎಣಸ್ತಾನ."

"ಬೀಗರು ಸಿಟ್ಟಾದ್ರ?"

"ಎಣಸ್ತಾನ್ರಿ."

ರೇವಣಪ್ಪ ಆ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಗೌರವದಿಂದ ನೋಡಿದ. ಬೇರೆಯವರ ಮದುವೆಗಳಲ್ಲಿ ಹಸಿದು ಕುಳಿತು ಭಾಷಣ ಕೇಳಿದ ಸಿಟ್ಟು ಅವನೊಳಗೆ ವರ್ಷಗಳಿಂದ ಇತ್ತು. "ಇಂಥಾಂವ ಒಬ್ಬ ನಮ್ಮ ಮನಿತನದಾಗ ಇರಬೇಕಾಗಿತ್ತು," ಎಂದ. "ಗುರುಲಿಂಗಾ, ಪತ್ರಿಕಾದಾಗ ಬರದ ಹೊತ್ತಿಗಿ ಲಗ್ನಾ ಮಾಡಿದಾಂವ ರೇವಣಪ್ಪ ಒಬ್ಬನೇ ಅಂತ ತಾಲೂಕಾ ಅನ್ನಬೇಕು. ಬಂದ್ ಮಾಡೋ ಬಟನ್ ಇಡಬ್ಯಾಡ. ಇಟ್ರ ಯಾವನರೆ ಒತ್ತತಾನ. ಕರೆಂಟಿನ ಭರೋಸಾ ಬ್ಯಾಡ, ಬ್ಯಾಟರಿ ಹಾಕು. ಡಬ್ಬಿ ವೆಲ್ಡಿಂಗ್ ಮಾಡಿಬಿಡು."

ಅಂಗಡಿಯಲ್ಲಿ ಚಿಪ್ಪು ಕೂಡಿಸಿದ್ದ ಹಳೆಯ ಬೋರ್ಡಿನ ಮೇಲೆ ಪರೀಕ್ಷೆ ಆಯಿತು. ಎಷ್ಟು ಹೊತ್ತು ಕೊಟ್ಟರೆ ಅಷ್ಟಕ್ಕೇ ಕೂಗಿತು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯನ್ನು ಹೇಳುವ ಕಾರಣವಿರಲಿಲ್ಲ. ಆದರೆ ಹೆಂಡತಿ ಯೋಗಿತಾ ಊಟದ ಡಬ್ಬಿ ಕೊಡಲು ಬಂದವಳು ನೋಡಿದಳು.

"ಅಹೋ, ಇದು ಯಾರದೋ ಹಾಳಾದ ಮೋಟಾರಿಂದ ಬಿಚ್ಚಿದ್ದಲ್ಲಾ?"

"ಹೌದು. ಪಸಂದ ನಡೀತದ."

"ನಡೀಲಿ. ಅಕ್ಕನ ಮಗಳ ಲಗ್ನಕ್ಕ ಸೋದರಮಾವ ಹಳೇ ಸಾಮಾನ ಒಯ್ತಾನೇನ್ರಿ? ಸೀರಿ ಹೊಸಾದು, ಭಾಂಡೆ ಹೊಸಾವು, ಮುಹೂರ್ತದ ಡಬ್ಬಿ ಮಾತ್ರ ಹಳೇದು? ಅದಕ್ಕ ಕುಂಕುಮಾ ಹಚ್ಚಿ ಪೂಜಾ ಮಾಡೋದದ. ನಾಳಿ ನಿಮ್ಮ ಅಕ್ಕನ ಅತ್ತಿ ನನಗ ಕೇಳ್ತಾಳ, ನಿಮಗಲ್ಲ."

ಮದುವೆಗೆ ಮಾವನ ಕಡೆಯಿಂದ ಹಳೆಯ ವಸ್ತು ಹೋಗುವುದು ಯಾವ ಮರ್ಯಾದಸ್ಥರ ಮನೆಯಲ್ಲೂ ಇಲ್ಲ. ಗುರುಲಿಂಗ ಲಾತೂರಿಗೆ ಹೋಗಿ ಹೊಸ ಬೋರ್ಡು ತಂದ. ಅಂಗಡಿಯವನು ಇದು ಹಳೆಯದಕ್ಕಿಂತ ಎರಡು ಪಟ್ಟು ಚುರುಕು ಎಂದು ಹೊಗಳಿದ್ದ. ಹಳೆಯದು ಒಂದು ಎಣಿಸುವಷ್ಟರಲ್ಲಿ ಇದು ಎರಡು ಎಣಿಸುತ್ತದೆ. ಅಕ್ಕನ ಮಗಳಿಗೆ ಎಷ್ಟು ಒಳ್ಳೆಯದು ಕೊಟ್ಟರೂ ಕಡಿಮೆಯೇ ಎಂದು ಗುರುಲಿಂಗ ಸಂತೋಷಪಟ್ಟ. ಹಳೆಯ ಬೋರ್ಡಿಗೆ ಲೆಕ್ಕ ಹಾಕಿದ ನಂಬರನ್ನೇ ಹೊಸದಕ್ಕೂ ಹಾಕಿದ. ಎರಡು ಪಟ್ಟು ಬೇಗ ಎಣಿಸುವವನು ಅದೇ ನಂಬರನ್ನು ಅರ್ಧ ಹೊತ್ತಿನಲ್ಲಿ ಮುಟ್ಟುತ್ತಾನೆ ಎಂಬುದು ಓದುಗರಿಗೆ ಆಗಲೇ ಹೊಳೆದಿರಬಹುದು. ಗುರುಲಿಂಗನಿಗೆ ಹೊಳೆಯಲಿಲ್ಲ. ಅವನು ಆಗ ವೆಲ್ಡಿಂಗ್ ಮಾಡುತ್ತಿದ್ದ.

ಮದುವೆ ಯೆಣೆಗೂರಿನ ಹೆದ್ದಾರಿಯ ಪಕ್ಕದಲ್ಲಿ, ರೇವಣಪ್ಪನ ಹೊಲದಲ್ಲಿ ಹಾಕಿದ ದೊಡ್ಡ ಮಂಟಪದಲ್ಲಿ. ಡಬ್ಬಿಯನ್ನು ವೇದಿಕೆಯ ಪಕ್ಕದ ಕಂಬಕ್ಕೆ ಕಟ್ಟಿ, ತಂತಿಯನ್ನು ಮೇಲಕ್ಕೆ ಒಯ್ದು, ಮಂಟಪದ ನೆತ್ತಿಯಲ್ಲಿ ಭೋಂಗಾ ಕೂಡಿಸಿದ್ದರು. ಹತ್ತೂವರೆಗೆ ಮಠದ ಅಯ್ಯನವರು ಡಬ್ಬಿಗೆ ವಿಭೂತಿ ಹಚ್ಚಿದರು, ಯೋಗಿತಾ ಕುಂಕುಮ ಹಚ್ಚಿದಳು, ಗುರುಲಿಂಗ ಚಾಲೂ ಮಾಡಿದ. ಅಲ್ಲಿಂದ ಸರಿಯಾಗಿ ಎರಡು ತಾಸಿಗೆ ಮುಹೂರ್ತ. ರೇವಣಪ್ಪ ಮೈಕು ಹಿಡಿದು ಘೋಷಿಸಿದ.

"ಬಂಧು ಭಗಿನೀರೇ, ಎಲ್ಲರ ಕೈಯಾಗ ಅಕ್ಷತಾ ಬಂದಾವ. ಅಯ್ಯನೋರ ಕಡೀ ನೋಡಬ್ಯಾಡ್ರಿ, ನನ್ನ ಕಡೀ ನೋಡಬ್ಯಾಡ್ರಿ. ಭೋಂಗಾ ಒದರಿದ ಕೂಡಲೇ ಹಾಕ್ರಿ. ಅದರ ಮ್ಯಾಲ ಯಾರ ಹುಕುಮ ಭೀ ನಡೆಯಂಗಿಲ್ಲ."

ಭಾಷಣಗಳನ್ನು ಅಷ್ಟು ದ್ವೇಷಿಸುತ್ತಿದ್ದ ರೇವಣಪ್ಪ, ತನ್ನದೇ ಮಂಟಪ, ತನ್ನದೇ ಮೈಕು, ಮುಂದೆ ಎರಡು ತಾಸು ಎಂದಾಗ ಸತ್ಕಾರ ಸುರು ಮಾಡಿದ. ಮದುಮಗಳು ವೇದಿಕೆಯ ಪಕ್ಕದ ಕೋಣೆಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಮದುಮಗನ ಮೆರವಣಿಗೆ ಇನ್ನೂ ಹನುಮಂತನ ಗುಡಿಯ ಮುಂದೆ ಕುಣಿಯುತ್ತಿತ್ತು. ಗುರುಲಿಂಗ ಗುಲಾಬಿ ಫೇಟಾ ಸುತ್ತಿಕೊಂಡು, ಜೀವನದಲ್ಲಿ ಮೊದಲ ಸಲ ಯಾವ ಆತಂಕವೂ ಇಲ್ಲದೆ, ವೇದಿಕೆಯ ಕೆಳಗಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದ.

ಹನ್ನೊಂದೂವರೆಯ ಸುಮಾರಿಗೆ ವೇದಿಕೆಯ ಮೇಲೆ ಇಬ್ಬರು ಅಕ್ಕಪಕ್ಕ ನಿಂತಿದ್ದರು. ಒಬ್ಬರು ತಾಲೂಕಿನ ಪಂಚಾಯತಿ ಸಭಾಪತಿ ಪ್ರಯಾಗಬಾಯಿ, ಹಸಿರು ರೇಷ್ಮೆ ಸೀರೆ, ಕೊರಳಲ್ಲಿ ಮಾಲೆ. ಇನ್ನೊಬ್ಬರು ನೀರಾವರಿ ಕಚೇರಿಯ ಪಂಡಿತ ಸಾಹೇಬರು, ತಲೆಗೆ ಜರಿಯ ಫೇಟಾ, ಅವರ ಕೊರಳಲ್ಲೂ ಮಾಲೆ. ಐವತ್ತು ದಾಟಿದರೂ ಸಾಹೇಬರಿಗೆ ಮದುವೆ ಕೂಡಿಬಂದಿರಲಿಲ್ಲ. ಫೋಟೋದವನು ಜರಾ ಹತ್ತಿರ ಬನ್ನಿ ಎಂದ. ಅವರು ಜರಾ ಹತ್ತಿರ ಬಂದರು.

ಭೋಂಗಾ ಕೂಗಿತು.

ಹೆದ್ದಾರಿಯ ಮೇಲೆ ಲಾರಿಗಳು ಬ್ರೇಕು ಹಾಕಿದವು. ಮಂಟಪದ ಬ್ಯಾಂಡಿನವರು ಹೇಳಿಟ್ಟ ಪ್ರಕಾರ ಒಮ್ಮೆಲೇ ಬಾರಿಸಿದರು. ಮಂಟಪದ ಹಿಂಭಾಗದಲ್ಲಿದ್ದವರಿಗೆ ವಿಡಿಯೋದವರ ನಡುವೆ ಕಂಡದ್ದು ಒಂದು ಫೇಟಾ, ಒಂದು ಹಸಿರು ಸೀರೆ, ಎರಡು ಮಾಲೆ. ಮದುವೆಗೆ ಅಷ್ಟು ಸಾಕು. ಸಾವಿರ ಕೈಗಳಿಂದ ಅಕ್ಷತೆ ಹಾರಿತು.

"ಜೋಡಿ ಛಲೋ ಅದ. ವಯಸ್ಸು ಜರಾ ಜಾಸ್ತಿ," ಎಂದು ಹಿಂದಿನ ಸಾಲಿನಲ್ಲಿ ಒಬ್ಬರೆಂದರು.

"ಇರಲಿ. ಸರ್ಕಾರಿ ನೌಕರಿ ಕಾಣಸ್ತದ," ಎಂದು ಇನ್ನೊಬ್ಬರು ಸಮಾಧಾನ ಹೇಳಿ ಊಟದ ಕಡೆ ಓಡಿದರು.

ಮುಂದಿನ ಸಾಲಿನಲ್ಲಿ ಪ್ರಯಾಗಬಾಯಿಯ ಯಜಮಾನ ಬಾಲಾಜಿರಾಯರು ಕುಳಿತಿದ್ದರು. ರೂಢಿಯ ಬಲದಿಂದ ಅವರೂ ಅಕ್ಷತೆ ಎಸೆದರು. ಎಸೆದ ಮೇಲೆ ಯಾರ ಮೇಲೆ ಎಸೆದೆ ಎಂದು ನೋಡಿದರು. ವೇದಿಕೆಯ ಮೇಲೆ ಪಂಡಿತ ಸಾಹೇಬರು ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ಬಹಳ ಭಕ್ತಿಯಿಂದ ಅಕ್ಷತೆ ಹಾಕಿಸಿಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಭೋಂಗಾದ ಸದ್ದಿಗೆ ಎಚ್ಚರವಾದ ಗುರುಲಿಂಗನಿಗೆ ಒಂದೇ ಮಾತು ನೆನಪಿತ್ತು. ಅವನು ಓಡಿ ವೇದಿಕೆ ಹತ್ತಿ, ಮಾಲೆ ಹಾಕಿಕೊಂಡ ಹೆಂಗಸಿನ ಬೆನ್ನಹಿಂದೆ ನೆಟ್ಟಗೆ ನಿಂತು, ಅಕ್ಕನನ್ನು ನೆನೆದು ಕಣ್ಣು ತುಂಬಿಕೊಂಡ. ಕಣ್ಣೀರು ಒರೆಸಿಕೊಂಡು ನೋಡುತ್ತಾನೆ, ಮದುಮಗಳ ಕೂದಲು ಅರ್ಧ ಬಿಳಿ ಇದೆ. ಕೋಣೆಯ ಬಾಗಿಲಲ್ಲಿ ಕೈಯಲ್ಲಿ ಬಾಚಣಿಗೆ ಹಿಡಿದ ಶಿವಕಾಂತಾ ನಿಂತಿದ್ದಾಳೆ. ಅವಳು ತಮ್ಮನನ್ನು ಒಮ್ಮೆ ನೋಡಿ ಒಳಗೆ ಹೋದಳು.

"ರೇವಣಪ್ಪ," ಎಂದು ಬಾಲಾಜಿರಾಯರು ವೇದಿಕೆ ಹತ್ತಿದರು. "ನಾ ಇನ್ನೂ ಜೀವಂತ ಅದೀನಿ."

"ಅದೀರಿ ಸಾಹೇಬ. ನಮಗೆಲ್ಲಾ ಕಾಣಸ್ತದ."

"ಮತ್ತ ನನ್ನ ಹೆಂಡತಿ ಮ್ಯಾಲ ಅಕ್ಷತಾ ಯಾಕ ಬಿದ್ದಾವ? ಆಕಿ ಹಿಂದ ಮಾಮಾ ಆಗಿ ನಿಂತಾಂವ ಇಂವಾ ಯಾರು? ನಮ್ಮ ಅತ್ತೀಗಿ ಅಣ್ಣತಮ್ಮರೇ ಇಲ್ಲ. ಇದರದು ಇಲ್ಲೇ ನಿಕಾಲ ಆಗಬೇಕು."

ಎಲ್ಲರೂ ಅಯ್ಯನವರ ಮುಖ ನೋಡಿದರು. ಅಯ್ಯನವರು ಗಡ್ಡ ನೇವರಿಸಿಕೊಂಡರು. "ಮಂತ್ರಾ ಹೇಳಿಲ್ಲ, ಅದಕ್ಕ ಇದು ಲಗ್ನಾ ಅಲ್ಲ. ಸಾವಿರ ಮಂದಿ ಮನಸಾರೆ ಹಾಕ್ಯಾರ, ಅದಕ್ಕ ಸುಳ್ಳು ಭೀ ಅಲ್ಲ," ಎಂದರು. ಬಾಲಾಜಿರಾಯರಿಗೆ ಮೊದಲ ಅರ್ಧ ಒಪ್ಪಿಗೆಯಾಯಿತು. ಪಂಡಿತ ಸಾಹೇಬರು ಎರಡನೇ ಅರ್ಧವನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಅಷ್ಟರಲ್ಲಿ ಮೆರವಣಿಗೆ ಮಂಟಪಕ್ಕೆ ಬಂತು. ಕುದುರೆಯ ಮೇಲಿದ್ದ ಮದುಮಗ ಭರತನಿಗೆ ಕಂಡದ್ದು ಸಾಲು ಸಾಲಾಗಿ ಹುಗ್ಗಿ ಉಣ್ಣುತ್ತಿರುವ ಜನ.

"ಇದು ಯಾರ ಲಗ್ನದ ಊಟ್ರಿ?" ಎಂದು ಅವನ ತಂದೆ ಉಣ್ಣುತ್ತಿದ್ದವನೊಬ್ಬನನ್ನು ಕೇಳಿದರು.

"ರೇವಣಪ್ಪನ ಮಗಳದು. ಆಗಿಹೋಯ್ತು. ತಾಲೂಕಾದಾಗ ಒಂದು ತಾಸು ಮೊದಲ ಆದ ಲಗ್ನಾ ಇದೇ ಪಹಿಲಾ ನೋಡ್ರಿ. ನೀವು ಲೇಟ್ ಆದ್ರಿ, ಕೂಡ್ರಿ, ಉಣ್ರಿ."

ಉದಗೀರದ ಬೀಗರು ಕುದುರೆಯನ್ನು ತಿರುಗಿಸುವ ಮಾತಾಡಿದರು. ರೇವಣಪ್ಪ ಅವರ ಕಾಲು ಹಿಡಿಯುವುದೊಂದು ಬಾಕಿ. ಅವರನ್ನು ಹೇಗೋ ಕೂಡಿಸಿ, ನೀರು ಕೊಟ್ಟು, ಗುರುಲಿಂಗನ ತೋಳು ಹಿಡಿದು ಕಂಬದ ಮರೆಗೆ ಎಳೆದೊಯ್ದ.

"ಮೊದಲ ಅದನ್ನ ಬಂದ್ ಮಾಡು."

"ಬಂದ್ ಆಗಂಗಿಲ್ಲ ದಾಜಿ. ನೀವೇ ಬಟನ್ ಬ್ಯಾಡ ಅಂದ್ರಿ."

"ಒಮ್ಮೆ ಒದರಿ ಮುಗೀತಲ್ಲ, ಇನ್ನರೆ ಸುಮ್ಮ ಇರ್ತದೋ ಇಲ್ಲೋ?"

ಗುರುಲಿಂಗ ನೆಲ ನೋಡಿದ. ಪಂಪಿನ ಡಬ್ಬಿಯಲ್ಲಿ ಟೈಮರ್ ನಂಬರ್ ಮುಟ್ಟಿದ ಮೇಲೆ ಸೊನ್ನೆಗೆ ಬಂದು ಮತ್ತೆ ಎಣಿಸಲು ಸುರು ಮಾಡುತ್ತದೆ. ಮೋಟಾರು ಒಮ್ಮೆ ಏಳದಿದ್ದರೆ ಇನ್ನೊಮ್ಮೆ ಎಬ್ಬಿಸಬೇಕಲ್ಲ. ಆ ಪ್ರೋಗ್ರಾಮನ್ನೇ ಅವನು ಮದುವೆಗೂ ತಂದಿದ್ದ. "ಮತ್ತ ಒದರ್ತದ್ರಿ," ಎಂದ.

ತಂತಿ ಕತ್ತರಿಸಲು ಹೋದರು. ಮಂಟಪದವನು ಎಲ್ಲ ತಂತಿಗಳನ್ನೂ ಒಟ್ಟಿಗೆ ಸೇರಿಸಿ ಬಿಳಿ ಬಟ್ಟೆ ಸುತ್ತಿ ಮೇಲೆ ಚೆಂಡುಹೂ ಕಟ್ಟಿದ್ದ. ಒಂದನ್ನು ಕತ್ತರಿಸಿದರೆ ಫ್ಯಾನುಗಳು ನಿಂತವು. ಇನ್ನೊಂದನ್ನು ಕತ್ತರಿಸಿದರೆ ಅಡುಗೆಯ ಕಡೆಯ ನೀರಿನ ಮೋಟಾರು ನಿಂತು, ಹುಗ್ಗಿ ಗಂಟಲಿಗೆ ಸಿಕ್ಕವರು ಕೆಮ್ಮತೊಡಗಿದರು. ರೇವಣಪ್ಪ ಗುರುಲಿಂಗನ ಕೈಯಿಂದ ಇಕ್ಕಳವನ್ನು ಕಸಿದುಕೊಂಡ.

"ಸಾಕು. ಈ ಏಣಿ ಹತ್ತು, ಭೋಂಗಾದ ಬಾಯಾಗ ಗೋಣಿಚೀಲ ತುರುಕು, ಹಿಡ್ಕೊಂಡು ಅಲ್ಲೇ ಕೂಡು. ಲಗ್ನಾ ಮುಗಿಯೋತನಕ ಇಳಿಬ್ಯಾಡ."

"ದಾಜಿ, ಚೀಲ ಕಟ್ಟಿ ಬರ್ಲಿ? ನಾ ವಿಜೂನ ಹಿಂದ ನಿಲ್ಲಬೇಕು."

"ನೀ ಕಟ್ಟಿದ್ದು ಈತನಕ ಯಾವುದು ಸೀದಾ ನಡದದ? ಆಕಿ ಹಿಂದ ಯಾರರೆ ನಿಲ್ತಾರ. ಕಿರಾಣಿಯಾಂವ ಬಂದಾನ."

ಗುರುಲಿಂಗ ಚೀಲ ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದ. ಅರ್ಧ ಹತ್ತಿದಾಗ ಏನೋ ಹೊಳೆದು ನಿಂತುಬಿಟ್ಟ. ಎರಡು ತಾಸಿಗೆ ಕೂಗಬೇಕಾದದ್ದು ಒಂದು ತಾಸಿಗೆ ಕೂಗಿದೆ. ಹೊಸ ಬೋರ್ಡು, ಎರಡು ಪಟ್ಟು ಚುರುಕು. ಹಾಗಾದರೆ ಮುಂದಿನದು ಇನ್ನೊಂದು ತಾಸಿಗೆ. ಅಂದರೆ ಸರಿಯಾಗಿ ಮುಹೂರ್ತಕ್ಕೆ. ಅವನು ಬೆರಳ ಮೇಲೆ ಎಣಿಸಿದ, ತಪ್ಪಿರಬಹುದೆಂದು ಇನ್ನೊಂದು ಕೈಯ ಮೇಲೆ ಎಣಿಸಲು ಹೋಗಿ ಏಣಿ ಬಿಟ್ಟು ಬೀಳುವುದರಲ್ಲಿದ್ದ.

"ಇಳಿ ಕೆಳಗ," ಎಂದಿತು ಒಂದು ದನಿ. ಶಿವಕಾಂತಾ ಏಣಿಯ ಕಾಲು ಹಿಡಿದು ನಿಂತಿದ್ದಳು.

"ದಾಜಿ ಹತ್ತಂದಾರಕ್ಕ."

"ದಾಜೀಗಿ ನಾ ನೋಡ್ಕೋತೀನಿ. ಮತ್ತ ಯಾವಾಗ ಒದರ್ತದ ಅದು? ಖರೆ ಹೇಳು."

"ಹನ್ನೆರಡೂವರಿಗಕ್ಕ. ಮುಹೂರ್ತಕ್ಕ ಸರಿಯಾಗಿ."

"ಹಿಂದಿನ ಸಲ ಭೀ ಹಂಗೇ ಅಂದಿದ್ದಿ."

"ಅಂವಾ ತಪ್ಪ ಎಣಸಿಲ್ಲಕ್ಕ. ನಾ ತಪ್ಪ ಹೇಳಿದ್ದೆ."

ಶಿವಕಾಂತಾ ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಟಪವನ್ನು ತನ್ನ ಕೈಗೆ ತೆಗೆದುಕೊಂಡಳು. ಈಗ ನೋಡಿ, ಆಶ್ಚರ್ಯವೆಂದರೆ, ಮದುವೆ ತಡವಾಗಲು ಬೇಕಾದ ಕಾರಣಗಳೆಲ್ಲ ಆಗಲೇ ಖರ್ಚಾಗಿಹೋಗಿದ್ದವು. ಸತ್ಕಾರ ಬೇಕೆನ್ನುವ ಧೈರ್ಯ ಯಾವ ದೊಡ್ಡವರಿಗೂ ಉಳಿದಿರಲಿಲ್ಲ. ವೇದಿಕೆಯ ಮೇಲೆ ನಿಲ್ಲಲು ಜನ ಹೆದರುತ್ತಿದ್ದರು. ಭಾಷಣ ಮಾಡುವವರು ಊಟದ ಸಾಲಿನಲ್ಲಿದ್ದರು. ಊಟಕ್ಕೆ ಹೊತ್ತಾಯಿತೆಂದು ಗೊಣಗುವವರಿಗೆ ಹೊಟ್ಟೆ ತುಂಬಿತ್ತು. ಭರತನನ್ನು ಕುದುರೆಯಿಂದ ಇಳಿಸಿದರು, ವಿಜಯಶ್ರೀಯನ್ನು ಕರೆತಂದರು, ನಡುವೆ ಅಂತರಪಟ ಹಿಡಿದರು. ಅಯ್ಯನವರು ಮಂತ್ರ ಸುರು ಮಾಡಿದರು. ಮಾವನ ಜಾಗಕ್ಕೆ ಬಂದು ನಿಂತಿದ್ದ ಕಿರಾಣಿಯವನನ್ನು ಶಿವಕಾಂತಾ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಮಾಮಾ, ಹಿಂದ ನೀನೇ ಇದ್ದೀಯಲ್ಲ?" ಎಂದಳು ವಿಜಯಶ್ರೀ, ತಿರುಗಿ ನೋಡುವಂತಿರಲಿಲ್ಲ.

"ನಾನೇ ಇದೀನವ್ವ."

ಭೋಂಗಾ ಕೂಗಿತು. ಅಯ್ಯನವರ ಕೊನೆಯ ಮಂತ್ರ ಮುಗಿದಿತ್ತು, ಅಂತರಪಟ ಸರಿಯಿತು. ರೇವಣಪ್ಪ ಕೈಗಡಿಯಾರ ನೋಡಿದ, ಕಿವಿಗೆ ಹಿಡಿದು ನೋಡಿದ. ಹನ್ನೆರಡೂವರೆ.

ಆದರೆ ಒಂದು ಕಾಳು ಬೀಳಲಿಲ್ಲ. ಉಣ್ಣುತ್ತಿದ್ದವರು ತಿರುಗಿಯೂ ನೋಡಲಿಲ್ಲ, ಅವರು ಹಾಕಿ ಆಗಿತ್ತು. ವೇದಿಕೆಯ ಮೇಲಿದ್ದವರ ಕೈಯಲ್ಲಿ ಏನೂ ಇರಲಿಲ್ಲ. ಅಡುಗೆಯವನು ಓಡಿಬಂದು 'ಅಕ್ಕಿ ಎಲ್ಲಾ ಅನ್ನಾ ಆಗ್ಯಾದ್ರಿ' ಎಂದ. ಮದುಮಕ್ಕಳು ಬರಿದಲೆಯಲ್ಲಿ ಎದುರುಬದುರು ನಿಂತಿದ್ದರು. ಇಷ್ಟು ಸರಿಯಾದ ಹೊತ್ತಿಗೆ ಇಷ್ಟು ಬರಿಗೈಯಲ್ಲಿ ಯಾವ ತಂದೆಯೂ ನಿಂತಿರಲಿಕ್ಕಿಲ್ಲ.

ಆಗ ಪ್ರಯಾಗಬಾಯಿ ಎದ್ದು ಬಂದರು. ಬಂದು ಸೆರಗಿನ ಮಡಿಕೆ ಬಿಚ್ಚಿದರು. ಒಳಗೆ ಮುಷ್ಟಿಗಟ್ಟಲೆ ಅಕ್ಷತೆ. "ಇದು ನನ್ನದಲ್ಲವ್ವ. ನಿನ್ನ ಹೆಸರಿಂದು ನನ್ನ ಕಡೀ ಬಂದಿತ್ತು," ಎಂದು ವಿಜಯಶ್ರೀಯ ತಲೆಯ ಮೇಲೆ ಸೆರಗು ಝಾಡಿಸಿದರು. ಬಾಲಾಜಿರಾಯರು ಹೆಂಡತಿಯ ತುರುಬಿನಲ್ಲಿ ಸಿಕ್ಕಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ, ಒಂದೂ ಬಿಡದಂತೆ, ಮದುಮಕ್ಕಳ ಮೇಲೆ ಹಾಕಿದರು. ಕೊನೆಗೆ ಪಂಡಿತ ಸಾಹೇಬರು ಫೇಟಾ ತೆಗೆದು ಭರತನ ತಲೆಯ ಮೇಲೆ ಮಗುಚಿದರು. ಜಿಲ್ಲೆಯಲ್ಲಿ ಅಷ್ಟು ಅಕ್ಷತೆ ಯಾರ ತಲೆಯ ಮೇಲೂ ಒಮ್ಮೆಲೇ ಬಿದ್ದಿರಲಿಲ್ಲ. ಫೇಟಾ ಮತ್ತೆ ಹಾಕಿಕೊಳ್ಳುವಾಗ ಎರಡು ಕಾಳು ಮಾತ್ರ ಅವರ ಕಿಸೆಗೆ ಹೋದವು. ನೋಡಿದವರು ನೋಡದಂತೆ ಇದ್ದರು.

ಗುರುಲಿಂಗ ಇದಾವುದನ್ನೂ ನೋಡಲಿಲ್ಲ. ಕಾಳುಗಳು ಪುಟಿದು ತನ್ನ ಮುಖಕ್ಕೆ ಬಡಿಯುತ್ತಿದ್ದರೂ ಅಲ್ಲಾಡದೆ, ಎರಡೂ ಕೈ ಬದಿಗಿಟ್ಟು ನಿಂತಿದ್ದ. ಎಲ್ಲ ಮುಗಿದು, ಮದುಮಕ್ಕಳು ಕುಳಿತು, ವಿಡಿಯೋದವನು ದೀಪ ಆರಿಸಿದರೂ ನಿಂತೇ ಇದ್ದ. ಶಿವಕಾಂತಾ ಬಂದು ಅವನ ಹುಬ್ಬಿನ ಮೇಲೆ ಅಂಟಿದ್ದ ಕಾಳನ್ನು ಒರೆಸಿದಳು. ನಗುವೋ ಅಳುವೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

"ಮುಂಜಾನಿಂದ ಕಂಡಕಂಡವರ ಹಿಂದ ನಿಂತಿ," ಎಂದಳು. "ಕಡೀಕ ನನ್ನ ಮಗಳ ಹಿಂದ ಭೀ ನಿಂತಿ. ಸಾಕು ಬಾ, ಇನ್ನ ಕಾಲು ಕದಲಸು. ನಿನ್ನ ಅಕ್ಕ ಈತನಕ ಉಂಡಿಲ್ಲ."